ಮಳೆಗಾಲಕ್ಕೆ ಮುನ್ನ, ನೆರವು ನೀಡುವ ಕೈಗಳ ಕುರಿತು ಒಂದು ಬಹಿರಂಗ ಪತ್ರ

ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಗಳ ಅಧ್ಯಕ್ಷರೂ ಆಗಿರುವ ಎಲ್ಲ ಜಿಲ್ಲಾಧಿಕಾರಿಗಳಿಗೆ, ಹಾಗೂ ನನ್ನಂತೆಯೇ ಸಂಬಳವಿಲ್ಲದೆ ಸೇವೆಗಿಳಿಯುವ ಸಂಘ ಸಂಸ್ಥೆಗಳ ಗೆಳೆಯರಿಗೆ,

ಮಾನ್ಯರೇ,

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಜಿಲ್ಲಾಡಳಿತಗಳು ಮುಂಗಾರಿನ ಸಿದ್ಧತಾ ಸಭೆಗಳನ್ನು ನಡೆಸುತ್ತವೆ. ಎಷ್ಟು ದೋಣಿಗಳಿವೆ, ಯಾವ ಶಾಲೆಗಳನ್ನು ಕಾಳಜಿ ಕೇಂದ್ರಗಳನ್ನಾಗಿ ಮಾಡಬಹುದು, ಎಷ್ಟು ದಿನಕ್ಕೆ ಸಾಕಾಗುವಷ್ಟು ಅಕ್ಕಿ ಬೇಳೆ ದಾಸ್ತಾನಿದೆ ಎಂಬುದನ್ನೆಲ್ಲ ಪಟ್ಟಿ ಮಾಡಲಾಗುತ್ತದೆ. ಅಂಥ ಕೆಲವು ಸಭೆಗಳಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಪರವಾಗಿ ಹಿಂದಿನ ಸಾಲಿನಲ್ಲಿ ಕುಳಿತು ಬಂದವಳು ನಾನು. ಕೇಂದ್ರದ ಬಾಗಿಲೊಳಗೆ ಬರುವ ಸ್ವಯಂಸೇವಕರು ಯಾರು, ಅವರ ಹೊಣೆ ಯಾರದು, ಅವರಿಂದಲೇ ತೊಂದರೆಯಾದರೆ ನೊಂದವರು ಯಾರಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಒಮ್ಮೆಯೂ ಯಾರೂ ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ. ಈ ಪತ್ರವನ್ನು ಬರೆಯುತ್ತಿರುವುದು ಆ ಪ್ರಶ್ನೆಯನ್ನು ತಡವಾಗಿಯಾದರೂ ಕೇಳಬೇಕೆಂದು.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆ ದಂಡೆ ಮೀರಿ ಹರಿದು, ಪಟ್ಟದಕಲ್ಲಿನ ಗುಡಿಗಳ ಅಂಗಳದವರೆಗೂ ನುಗ್ಗಿದ್ದು ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಬಾಗಲಕೋಟೆ ಜಿಲ್ಲೆಯ ನದಿಪಾತ್ರದ ಹಳ್ಳಿಯೊಂದರ ಜನರನ್ನು ಎತ್ತರದಲ್ಲಿದ್ದ ಸರ್ಕಾರಿ ಪ್ರೌಢಶಾಲೆಗೆ ಸ್ಥಳಾಂತರಿಸಿದ್ದರು. ನಾನಿದ್ದ ಚಿಕ್ಕ ಸಂಸ್ಥೆಯ ಒಂಬತ್ತು ಜನ ಅಲ್ಲಿ ಹದಿನಾರು ದಿನ ಕೆಲಸ ಮಾಡಿದೆವು. ನಾಲ್ಕನೆಯ ದಿನವೋ ಐದನೆಯ ದಿನವೋ, ಹೊದಿಕೆ ಹಂಚುವ ಹೊತ್ತಿನಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಸಾಲಿನಿಂದ ಹೊರಬಂದು ಗೋಡೆಗೆ ಆತು ನಿಂತಳು. ಕರೆದರೆ, "ಅಕ್ಕಾರ, ನಾ ಆ ಸಾಲಿನ್ಯಾಗ ನಿಂದ್ರಂಗಿಲ್ರಿ" ಎಂದಳು. ಕಾರಣ ಹೇಳಲಿಲ್ಲ. ಸಂಜೆ ಅವಳ ತಾಯಿ ನನ್ನನ್ನು ಬದಿಗೆ ಕರೆದು ಹೇಳಿದ್ದು ಒಂದೇ ಮಾತು: "ಸಾಮಾನ ಬೇಕಂದ್ರ ಹುಡುಗೀನ ಒಬ್ಬಾಕಿನ್ನ ಸ್ಟೋರ್ ರೂಮಿಗೆ ಕಳಸಂತಾರ್ರಿ. ನಾ ಹೋದ್ರ ಕೊಡಂಗಿಲ್ಲ."

ಸ್ಟೋರ್ ರೂಮಿನ ಬೀಗದ ಕೈ ನಮ್ಮದೇ ಸಂಸ್ಥೆಯ ಸ್ವಯಂಸೇವಕನೊಬ್ಬನ ಬಳಿ ಇತ್ತು. ಆತ ಹಗಲಿರುಳು ದುಡಿಯುವ, ಎಲ್ಲರಿಗೂ ಬೇಕಾದ ಮನುಷ್ಯ. ನಾನು ತಾಯಿಯ ಮಾತನ್ನು ನಮ್ಮ ಹಿರಿಯರಿಗೆ ತಿಳಿಸಿದೆ. ಅವರು ಆ ರಾತ್ರಿಯೇ ಆತನನ್ನು ಕೂರಿಸಿ ಮಾತಾಡಿದರು, ಆತ ಇಲ್ಲವೆಂದ, ಮರುದಿನ ಬೆಳಗಿನ ಬಸ್ಸಿಗೆ ಆತನನ್ನು ಊರಿಗೆ ಕಳುಹಿಸಿದರು. "ಏನೂ ಆಗಿಲ್ಲ, ಆಗುವುದಕ್ಕೆ ಮುಂಚೆಯೇ ತಡೆದೆವು" ಎಂದು ನಮಗೆ ನಾವೇ ಹೇಳಿಕೊಂಡೆವು. ಏನೂ ಆಗಿಲ್ಲವೆಂದು ನಮಗೆ ಹೇಗೆ ಗೊತ್ತಾಯಿತು? ಆ ಹುಡುಗಿಯೊಂದಿಗೆ ಮಾತಾಡಬಲ್ಲ ತರಬೇತಿ ಪಡೆದ ಒಬ್ಬರನ್ನೂ ನಾವು ಕರೆಸಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿಲ್ಲ. ಒಂದು ಸಾಲನ್ನೂ ಎಲ್ಲಿಯೂ ಬರೆದಿಡಲಿಲ್ಲ. ದೂರು ಕೇಳಿದವರು, ವಿಚಾರಣೆ ಮಾಡಿದವರು, ತೀರ್ಪು ಕೊಟ್ಟವರು ಎಲ್ಲರೂ ನಾವೇ ಆಗಿದ್ದೆವು, ಆ ತೀರ್ಪಿನಿಂದ ಹೆಸರು ಉಳಿದದ್ದೂ ನಮ್ಮದೇ.

ಮರುವರ್ಷ ಲಾಕ್‌ಡೌನ್ ಕಾಲದಲ್ಲಿ, ಇನ್ನೊಂದು ಸಂಸ್ಥೆಯವರು ವಲಸೆ ಕಾರ್ಮಿಕರ ಕುಟುಂಬಗಳಿಗೆ ಪಡಿತರದ ಕಿಟ್ ಹಂಚುತ್ತಿದ್ದ ಚಿತ್ರವೊಂದರಲ್ಲಿ ಅದೇ ಮನುಷ್ಯನ ಮುಖ ಕಂಡಿತು. ನಾನು ಆ ಸಂಸ್ಥೆಯ ಸಂಯೋಜಕರಿಗೆ ಫೋನ್ ಮಾಡಿ, ನನಗೆ ತಿಳಿದಷ್ಟನ್ನು ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, "ನಿಮ್ಮ ಸಂಸ್ಥೆಯಲ್ಲಿ ಈ ಬಗ್ಗೆ ಬರವಣಿಗೆಯಲ್ಲಿ ಏನಾದರೂ ಇದೆಯೇ?" ಎಂದು ಕೇಳಿದರು. ಇರಲಿಲ್ಲ. ನನ್ನ ಬಳಿ ಇದ್ದುದು ಒಬ್ಬ ತಾಯಿ ಆಡಿದ ಮಾತು ಮತ್ತು ನಮ್ಮ ಮೌನ, ಎರಡೇ. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಅದಕ್ಕೆ ಉತ್ತರವಿಲ್ಲದಂತೆ ಮಾಡಿಕೊಂಡವರು ನಾವು.

ಇದು ಯಾರೋ ಒಬ್ಬ ಕೆಟ್ಟವನ ಕಥೆಯೆಂದು ಓದಿ ಬದಿಗಿಡಬೇಡಿರೆಂದು ಕೈಮುಗಿದು ಕೇಳುತ್ತೇನೆ. ನೆರೆಯ ಶಿಬಿರದಲ್ಲಿ ಅಧಿಕಾರವೆಂಬುದು ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಅದು ತಿಳಿದಿರುತ್ತದೆ. ಮನೆ ನೀರಲ್ಲಿದೆ, ದನ ಎಲ್ಲಿ ಹೋದವೋ ಗೊತ್ತಿಲ್ಲ, ಮೈಮೇಲಿನ ಬಟ್ಟೆ ಒದ್ದೆಯಾಗಿದೆ. ಅಂಥ ಹೊತ್ತಿನಲ್ಲಿ ಕೈಯಲ್ಲಿ ಪಟ್ಟಿ ಹಿಡಿದು ಚೀಟಿ ಕೊಡುವ ಇಪ್ಪತ್ತೆರಡು ವರ್ಷದ ಹುಡುಗನ ಮಾತು ಅರವತ್ತು ವರ್ಷದ ರೈತನಿಗೆ ತಹಶೀಲ್ದಾರರ ಮಾತಿಗಿಂತ ದೊಡ್ಡದಾಗುತ್ತದೆ. ಯಾರ ಹೆಸರು ಪಟ್ಟಿಯಲ್ಲಿದೆ, ಯಾರಿಗೆ ಎರಡು ಹೊದಿಕೆ, ಯಾರಿಗೆ ನಾಳೆ ಬಾ ಎಂಬ ಉತ್ತರ, ಇವೆಲ್ಲ ಆ ಹುಡುಗನ ಕೈಯಲ್ಲಿರುತ್ತವೆ. ಕೊಟ್ಟವನ ಮೇಲೆ ದೂರು ಹೇಳುವುದು ನಮ್ಮ ಜನರ ಸ್ವಭಾವದಲ್ಲಿಲ್ಲ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂದು ಕೇಳುತ್ತಲೇ ಬೆಳೆದವರು ಅವರು. ಅದರಲ್ಲೂ ಗಂಡನಿಲ್ಲದ ಹೆಂಗಸು, ಮಾಜಿ ದೇವದಾಸಿ ಮಹಿಳೆಯ ಮಗಳು, ಮಾತು ಬಾರದ ಹುಡುಗ, ಊರಿನಲ್ಲಿ ಮೊದಲೇ ಕಡೆಯ ಸಾಲಿನಲ್ಲಿ ನಿಲ್ಲುವ ಕೇರಿಯ ಕುಟುಂಬಗಳು, ಇವರ ಮಾತನ್ನು ಊರೇ ಕೇಳಿಸಿಕೊಳ್ಳದಿರುವಾಗ ಹೊರಗಿನಿಂದ ಬಂದ ನಾವು ಕೇಳಿಸಿಕೊಳ್ಳುತ್ತೇವೆಂಬ ನಂಬಿಕೆ ಅವರಿಗೆ ಬರುವುದಾದರೂ ಹೇಗೆ?

ಹಿರಿಯರ ವಿಚಾರವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ರಕ್ಷಣೆಯೆಂದರೆ ಮಕ್ಕಳ ಮತ್ತು ಹೆಣ್ಣುಮಕ್ಕಳ ವಿಷಯವೆಂದಷ್ಟೇ ತಿಳಿಯುವ ವಾಡಿಕೆಯಿದೆ. ಅದೇ 2019ರಲ್ಲಿ ಸರ್ಕಾರ ನೆರೆಪೀಡಿತ ಕುಟುಂಬಗಳಿಗೆ ತುರ್ತಾಗಿ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅರ್ಜಿ ತುಂಬಲು ಓದುಬರಹ ಬಾರದ ಮುದುಕರು ತಮ್ಮ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಕೆಲವರಂತೂ ಎಟಿಎಂ ಕಾರ್ಡಿನ ಜೊತೆಗೆ ಅದರ ಗುಪ್ತ ಸಂಖ್ಯೆಯನ್ನೂ ಸ್ವಯಂಸೇವಕರ ಕೈಗಿಟ್ಟರು. ದಿನಗಟ್ಟಲೆ ಆ ದಾಖಲೆಗಳು ಪ್ಲಾಸ್ಟಿಕ್ ಚೀಲದಲ್ಲಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಓಡಾಡಿದ್ದನ್ನು ನಾನು ಕಂಡಿದ್ದೇನೆ. ಕಣ್ಣು ಕಾಣದ ಅಜ್ಜನೊಬ್ಬ ಮೂರು ದಿನ ತನ್ನ ಪಾಸ್‌ಬುಕ್ಕಿಗಾಗಿ ಗೋಡೆ ಹಿಡಿದುಕೊಂಡು ನಮ್ಮ ಮೇಜಿನವರೆಗೆ ಬಂದು ಬಂದು ಹೋದ. ಕೊನೆಗೆ ಅದು ಸಿಕ್ಕಿತು, ಹಣವೂ ಹೋಗಿರಲಿಲ್ಲ. ಆದರೆ ಅದು ಸಿಕ್ಕದಿದ್ದಿದ್ದರೆ ಯಾರು ಕೊಂಡೊಯ್ದರೆಂದು ಹೇಳಲು ನಮ್ಮಲ್ಲಿ ಒಂದು ರಿಜಿಸ್ಟರೂ ಇರಲಿಲ್ಲ.

ಲೋಕದ ಬೇರೆಡೆ ನಡೆದದ್ದು ನಮಗೆ ಪಾಠವಾಗಬಹುದಿತ್ತು. 2002ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಲ್ಲಿ, ಕೊಡಬೇಕಾದ ಆಹಾರಕ್ಕೇ ಬೆಲೆಯಾಗಿ ಹುಡುಗಿಯರ ದೇಹವನ್ನು ಕೇಳಿದ ಪರಿಹಾರ ಕಾರ್ಯಕರ್ತರಿದ್ದರೆಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಸೇವ್ ದ ಚಿಲ್ಡ್ರನ್ ಮಾಡಿದ ಅಧ್ಯಯನದಿಂದ ಹೊರಬಂತು. ಅದರ ಬೆನ್ನಿಗೆ 2003ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳು ಹೊರಡಿಸಿದ ಆದೇಶ ಹದಿನೆಂಟು ವರ್ಷದೊಳಗಿನವರೊಂದಿಗೆ ಲೈಂಗಿಕ ಸಂಪರ್ಕವನ್ನು ಪೂರ್ಣವಾಗಿ ನಿಷೇಧಿಸಿತು, ವಯಸ್ಸು ತಿಳಿದಿರಲಿಲ್ಲ ಎಂಬ ಸಬೂಬನ್ನೂ ಒಪ್ಪಲಿಲ್ಲ. ಇಷ್ಟಾದರೂ 2010ರ ಭೂಕಂಪದ ನಂತರ ಹೈಟಿಯಲ್ಲಿ ಬ್ರಿಟನ್ನಿನ ಪರಿಹಾರ ಸಂಸ್ಥೆಯಾದ ಆಕ್ಸ್‌ಫ್ಯಾಮ್‌ನ ಕೆಲವು ಸಿಬ್ಬಂದಿಯ ದುರ್ನಡತೆ ಬಯಲಾದಾಗ, 2011ರಲ್ಲಿ ಸಂಸ್ಥೆ ನಾಲ್ವರನ್ನು ವಜಾ ಮಾಡಿ, ಆ ದೇಶದ ಮುಖ್ಯಸ್ಥನೂ ಸೇರಿ ಮೂವರಿಗೆ ರಾಜೀನಾಮೆ ಕೊಟ್ಟು ಹೋಗಲು ಬಿಟ್ಟಿತು. ಆ ಮುಖ್ಯಸ್ಥ ಮುಂದೆ ಬಾಂಗ್ಲಾದೇಶದಲ್ಲಿ ಇನ್ನೊಂದು ಪರಿಹಾರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ. ವಿಷಯ ಜನರಿಗೆ ತಿಳಿದದ್ದು 2018ರಲ್ಲಿ, ಬ್ರಿಟನ್ನಿನ ಚಾರಿಟಿ ಆಯೋಗ ಆ ಸಂಸ್ಥೆಗೆ ಅಧಿಕೃತ ಎಚ್ಚರಿಕೆ ಕೊಟ್ಟದ್ದು 2019ರ ಜೂನ್‌ನಲ್ಲಿ. ಅದಾಗಿ ಎರಡು ತಿಂಗಳಿಗೆ ಮಲಪ್ರಭೆಯ ದಂಡೆಯ ಶಾಲೆಯಲ್ಲಿ ನಾವು ಬೆಳಗಿನ ಬಸ್ಸಿಗೆ ಒಬ್ಬನನ್ನು ಹತ್ತಿಸಿ ಕಳುಹಿಸಿದೆವು. ದೊಡ್ಡ ಸಂಸ್ಥೆಯೂ ಚಿಕ್ಕ ಸಂಸ್ಥೆಯೂ ಮಾಡಿದ್ದು ಒಂದೇ ತಪ್ಪನ್ನು.

ನಮ್ಮ ದೇಶದಲ್ಲಿಯೇ ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ವಸತಿಗೃಹವನ್ನು ಸರ್ಕಾರದ ಹಣದಲ್ಲಿ ನಡೆಸುತ್ತಿದ್ದುದು ಒಂದು ಸ್ವಯಂಸೇವಾ ಸಂಸ್ಥೆ. ಅಲ್ಲಿ ನಡೆಯುತ್ತಿದ್ದ ದೌರ್ಜನ್ಯ 2018ರಲ್ಲಿ ಬೆಳಕಿಗೆ ಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವೊಂದು ಹೊರಗಿನಿಂದ ಬಂದು, ಮಕ್ಕಳೊಂದಿಗೆ ಕುಳಿತು ಮಾತಾಡಿ, ಕೇಳಿದ್ದನ್ನು ವರದಿಯಲ್ಲಿ ಬರೆದದ್ದರಿಂದ. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ ಹತ್ತೊಂಬತ್ತು ಜನರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಹೊರಗಿನ ಕಿವಿಯೊಂದು ಒಳಗೆ ಬರುವವರೆಗೆ ಆ ಮಕ್ಕಳ ಮಾತಿಗೆ ದಾರಿಯೇ ಇರಲಿಲ್ಲ ಎಂಬುದು ನಾನು ಅದರಿಂದ ತಿಳಿದುಕೊಂಡ ಸಂಗತಿ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ, ಆ ಕಾನೂನು ನೆರೆಯ ಶಿಬಿರದವರೆಗೆ ನಡೆದು ಬಂದಿಲ್ಲ ಅಷ್ಟೇ. ಪೋಕ್ಸೋ ಕಾಯ್ದೆ, 2012ರ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದಷ್ಟೇ ಅಲ್ಲ, ನಡೆಯುವ ಸಂಭವವಿದೆಯೆಂಬ ಆತಂಕವಿದ್ದರೂ ಅದನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಅಪರಾಧ ನಡೆದಿರುವುದನ್ನು ತಿಳಿಸದವರಿಗೆ 21ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಯಿದೆ, ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂದು ಅದೇ ಕಾಯ್ದೆ ಹೇಳುತ್ತದೆ. ಅಂದರೆ, ಆ ತಾಯಿಯ ಮಾತು ಕಿವಿಗೆ ಬಿದ್ದ ಕ್ಷಣವೇ ವಿಚಾರಣೆಯ ಅಧಿಕಾರ ನಮ್ಮ ಕೈಯಲ್ಲಿರಲಿಲ್ಲ, ತಿಳಿಸುವ ಕರ್ತವ್ಯ ಮಾತ್ರ ಇತ್ತು. 2020ರ ಪೋಕ್ಸೋ ನಿಯಮಗಳು ಮಕ್ಕಳೊಂದಿಗೆ ಸಂಪರ್ಕದಲ್ಲಿರುವ ಸಂಸ್ಥೆಗಳೆಲ್ಲ ಮಕ್ಕಳ ರಕ್ಷಣಾ ನೀತಿಯನ್ನು ಅಳವಡಿಸಿಕೊಳ್ಳಬೇಕೆಂದೂ, ಮಕ್ಕಳೊಂದಿಗೆ ನಿಯಮಿತವಾಗಿ ಒಡನಾಡುವ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕೆಂದೂ ಹೇಳುತ್ತವೆ.

ಇನ್ನು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅದು ಕಚೇರಿಗಳಿಗೆ ಸಂಬಂಧಿಸಿದ್ದು, ಸಂಬಳವಿಲ್ಲದ ನಮಗಲ್ಲ ಎಂದು ಹೇಳಿದ ಸಂಸ್ಥೆಗಳವರನ್ನು ನಾನು ಕಂಡಿದ್ದೇನೆ. ಆದರೆ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸ್ವಯಂಪ್ರೇರಣೆಯಿಂದ ದುಡಿಯುವವರೂ ನೌಕರರೇ, ನೊಂದ ಮಹಿಳೆ ಆ ಸಂಸ್ಥೆಯ ನೌಕರಳಾಗಿರಬೇಕೆಂದೇನೂ ಇಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವ ನಮ್ಮಂಥ ಸಂಸ್ಥೆಗಳ ವಿಷಯದಲ್ಲಿ, ಅಥವಾ ದೂರು ಮುಖ್ಯಸ್ಥನ ಮೇಲೆಯೇ ಇದ್ದಾಗ, ಆ ಕಾಯ್ದೆಯಡಿ ದೂರು ಕೇಳುವ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಅಂಗವಿಕಲ ವ್ಯಕ್ತಿಯ ಮೇಲಿನ ದೌರ್ಜನ್ಯ ಅಥವಾ ಶೋಷಣೆಯ ಮಾಹಿತಿಯನ್ನು ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಕೊಡಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ದಂಡಾಧಿಕಾರಿಗಳೆಂದರೆ ತಹಶೀಲ್ದಾರರು, ಕಾಳಜಿ ಕೇಂದ್ರದ ಉಸ್ತುವಾರಿಯಲ್ಲಿ ದಿನವೂ ಬಂದು ಹೋಗುವವರೂ ಅವರೇ. ಕಾನೂನು ಇಷ್ಟು ಹತ್ತಿರ ನಿಂತಿರುವುದು ಶಿಬಿರದಲ್ಲಿ ಮಲಗಿದವರಿಗೆ ಗೊತ್ತಿಲ್ಲ, ಅವರ ಸೇವೆಗೆ ಹೋದ ನಮಗೂ ಗೊತ್ತಿರಲಿಲ್ಲ.

ಹೀಗಾಗಿ ಅಧಿಕಾರಸ್ಥಾನದಲ್ಲಿರುವ ತಮ್ಮಲ್ಲಿ ನನ್ನ ಮೊದಲ ವಿನಂತಿ, ಈ ಸಲದ ಮುಂಗಾರು ಸಿದ್ಧತೆಯ ಸುತ್ತೋಲೆಯಲ್ಲಿ ಸ್ವಯಂಸೇವಕರ ವಿಷಯಕ್ಕೆ ಪ್ರತ್ಯೇಕ ಭಾಗವೊಂದಿರಲಿ ಎಂಬುದು. ಕಾಳಜಿ ಕೇಂದ್ರದೊಳಗೆ ಕೆಲಸ ಮಾಡುವ ಪ್ರತಿ ಸಂಸ್ಥೆಯೂ ತನ್ನ ಜನರ ಹೆಸರು, ಗುರುತಿನ ದಾಖಲೆ ಮತ್ತು ಹೊಣೆಗಾರರೊಬ್ಬರ ಸಹಿಯಿರುವ ಪಟ್ಟಿಯನ್ನು ಗ್ರಾಮ ಆಡಳಿತಾಧಿಕಾರಿಗೋ ಕೇಂದ್ರದ ನೋಡಲ್ ಅಧಿಕಾರಿಗೋ ಕೊಟ್ಟ ನಂತರವೇ ಒಳಗೆ ಬರಲಿ. ನೆರೆ ಬಂದ ರಾತ್ರಿ ಇದು ಅಸಾಧ್ಯವೆಂದು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ನೀರಿನಿಂದ ಜನರನ್ನು ಎತ್ತುವ ಹೊತ್ತಿನಲ್ಲಿ ಯಾರೂ ಕಾಗದ ಕೇಳಬಾರದು. ಆದರೆ ಎತ್ತಿ ತಂದವರು ಎರಡು ವಾರ ಒಂದೇ ಸೂರಿನಡಿ ಇರುತ್ತಾರೆ, ತೊಂದರೆಗಳು ಹುಟ್ಟುವುದೂ ಆ ಎರಡು ವಾರಗಳಲ್ಲಿಯೇ. ಸಂಸ್ಥೆಗಳ ನೋಂದಣಿಯನ್ನು ಮೇ ತಿಂಗಳಲ್ಲಿಯೇ ಮುಗಿಸಿಡಲು ಏನೂ ಅಡ್ಡಿಯಿಲ್ಲ.

ಎರಡನೆಯದಾಗಿ, ದೂರು ಕೇಳುವವರು ನೆರವು ಕೊಡುವವರಾಗಿರಬಾರದು. ಕೇಂದ್ರದ ಗೋಡೆಯ ಮೇಲೆ 1098, ತುರ್ತು ಸಹಾಯದ 112 ಮತ್ತು ಹಿರಿಯರ ಸಹಾಯವಾಣಿ 14567ನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದರೆ ಒಳ್ಳೆಯದೇ. ಆದರೆ ಓದು ಬಾರದವರಿಗೆ, ಫೋನು ನೀರಲ್ಲಿ ಕಳೆದುಕೊಂಡವರಿಗೆ ಆ ಬರಹ ಬರಿಯ ಬರಹ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೊಬ್ಬರು ಎರಡು ದಿನಕ್ಕೊಮ್ಮೆಯಾದರೂ ಬಂದು, ಹಂಚುವ ಮೇಜಿನಿಂದ ದೂರ, ಹೆಂಗಸರು ಮಕ್ಕಳು ಕುಳಿತಲ್ಲಿಗೆ ಹೋಗಿ ಮಾತಾಡಲಿ. ಅಂಗನವಾಡಿ ಕಾರ್ಯಕರ್ತೆಯರಿಗೂ ಆಶಾ ಕಾರ್ಯಕರ್ತೆಯರಿಗೂ ಪ್ರತಿ ಮನೆಯ ಮಕ್ಕಳ ಮುಖ ಗೊತ್ತಿರುತ್ತದೆ. ಯಾವ ಹುಡುಗಿ ಸಾಲಿನಿಂದ ಹೊರಗೆ ನಿಂತಿದ್ದಾಳೆಂಬುದು ಮೊದಲು ಕಾಣುವುದು ಅವರ ಕಣ್ಣಿಗೆ. ಅವರ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ ಹೇರಿದ್ದೇವೆಂಬುದು ನನಗೆ ಗೊತ್ತು, ಆದುದರಿಂದ ಈ ಕೆಲಸಕ್ಕೆ ಪ್ರತ್ಯೇಕ ಗೌರವಧನ ಕೊಡುವುದು ನ್ಯಾಯ.

ಶಿಬಿರದಿಂದ ಮಕ್ಕಳನ್ನು "ಓದಿಸುತ್ತೇವೆ" ಎಂದು ಪಟ್ಟಣದ ವಸತಿನಿಲಯಗಳಿಗೆ ಕರೆದೊಯ್ಯಲು ಬರುವವರ ಬಗ್ಗೆ ವಿಶೇಷ ಎಚ್ಚರ ಬೇಕು. ಅವರಲ್ಲಿ ಬಹುಮಂದಿಯ ಉದ್ದೇಶ ಒಳ್ಳೆಯದೇ ಇರಬಹುದು. ಆದರೂ ಆಸರೆಯಿಲ್ಲದ ಮಗುವನ್ನು ಎಲ್ಲಿಡಬೇಕೆಂದು ತೀರ್ಮಾನಿಸುವ ಅಧಿಕಾರ 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿಯದು, ಇಪ್ಪತ್ನಾಲ್ಕು ಗಂಟೆಯೊಳಗೆ ಮಗು ಆ ಸಮಿತಿಯ ಮುಂದೆ ಬರಬೇಕು, ಅಂಥ ಮಕ್ಕಳನ್ನಿಟ್ಟುಕೊಳ್ಳುವ ಸಂಸ್ಥೆ ನೋಂದಣಿಯಾಗಿರಬೇಕು. ತಂದೆತಾಯಿ ಇರುವ ಮಗುವಾದರೂ ಮನೆಯೇ ಇಲ್ಲವಾದ ವಾರದಲ್ಲಿ ಅವರು ಒಪ್ಪಿ ಹಾಕಿದ ಸಹಿಯನ್ನು ಒಪ್ಪಿಗೆಯೆಂದು ಭಾವಿಸುವುದು ಸರಿಯಲ್ಲ.

ಈಗ ಸಂಸ್ಥೆಗಳ ಗೆಳೆಯರಿಗೆ. "ಇಷ್ಟೆಲ್ಲ ಕಟ್ಟುಪಾಡು ಮಾಡಿದರೆ ಸೇವೆಗೆ ಯಾರು ಬರುತ್ತಾರೆ?" ಎಂದು ನೀವು ಕೇಳುತ್ತೀರಿ, ನಾವೂ ಕೇಳಿದ್ದೆವು. ಗುರುತಿನ ಚೀಟಿ ತೋರಿಸಲು, ಮಗುವಿನೊಂದಿಗೆ ಒಬ್ಬಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಇರಬಾರದೆಂಬ ನಿಯಮಕ್ಕೆ ಸಹಿ ಹಾಕಲು ಹಿಂಜರಿಯುವವರು ಬರದಿದ್ದರೆ ನಷ್ಟವೇನಿದೆ? ಪೊಲೀಸ್ ಪರಿಶೀಲನಾ ಪತ್ರ ತರಿಸಿಕೊಳ್ಳಿ, ಆದರೆ ಅದೊಂದನ್ನೇ ನೆಚ್ಚಬೇಡಿ. ದಾಖಲಾಗದ ದೂರು ಅದರಲ್ಲಿ ಕಾಣುವುದಿಲ್ಲ, 2018ರಲ್ಲಿ ಆರಂಭವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯವನ್ನು ತೆರೆದು ನೋಡಬಲ್ಲವರು ತನಿಖಾ ಸಂಸ್ಥೆಗಳು ಮಾತ್ರ. ಹಿಂದೆ ಆತ ಕೆಲಸ ಮಾಡಿದ ಸಂಸ್ಥೆಗೆ ಬರೆದು ಕೇಳುವುದು, ಕೇಳಿದವರಿಗೆ ಬರವಣಿಗೆಯಲ್ಲಿ ನಿಜ ಹೇಳುವುದು, ಇವೆರಡೇ ನಮ್ಮ ಕೈಯಲ್ಲಿರುವ ದಾರಿ. ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳು ಹೀಗೆ ಪರಸ್ಪರ ತಿಳಿಸುವ ವ್ಯವಸ್ಥೆಯೊಂದನ್ನು 2019ರಿಂದ ನಡೆಸುತ್ತಿವೆ. ಆರೋಪ ಬಂದವನಿಗೂ ತನ್ನ ಮಾತು ಹೇಳುವ ಹಕ್ಕಿದೆ, ಆರೋಪವೇ ತೀರ್ಪಲ್ಲ. ಅದಕ್ಕಾಗಿಯೇ ಎಲ್ಲವೂ ಬರವಣಿಗೆಯಲ್ಲಿರಬೇಕು, ವಿಚಾರಣೆ ಹೊರಗಿನವರಿಂದ ಆಗಬೇಕು, ಅಲ್ಲಿಯವರೆಗೆ ಆತ ಜನರ ಸಂಪರ್ಕವಿಲ್ಲದ ಕೆಲಸದಲ್ಲಿರಬೇಕು. ನಾವು ಬಸ್ಸು ಹತ್ತಿಸಿ ಕಳುಹಿಸಿದ ಮನುಷ್ಯ ನಿರಪರಾಧಿಯಾಗಿದ್ದರೆ ಆತನಿಗೂ ನಾವು ಅನ್ಯಾಯ ಮಾಡಿದೆವು.

ಚಿತ್ರಗಳ ವಿಷಯದಲ್ಲಿ ಒಂದು ಮಾತು. ಕಿಟ್ ಕೊಡುವಾಗ ಮಗುವಿನ ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿ ನಿಲ್ಲಿಸುವುದನ್ನು ದಯವಿಟ್ಟು ಬಿಡೋಣ. ದಾನಿಗಳಿಗೆ ಲೆಕ್ಕ ಬೇಕಾದರೆ ಬಿಲ್ಲು ಕಳುಹಿಸೋಣ, ಲಾರಿಯಿಂದ ಮೂಟೆ ಇಳಿಸುವ ಚಿತ್ರ ಕಳುಹಿಸೋಣ. ಒಂದು ಹೊದಿಕೆಗಾಗಿ ಕೈಚಾಚಿದ ಗಳಿಗೆ ಆ ಹುಡುಗನ ಹೆಸರಿನೊಂದಿಗೆ, ಊರಿನೊಂದಿಗೆ ಎಂದೆಂದಿಗೂ ಉಳಿಯುವಂತೆ ಮಾಡಲು ನಮಗೆ ಯಾರು ಹಕ್ಕು ಕೊಟ್ಟರು?

ಕಳೆದ ತಿಂಗಳು ನಾನು, ಇಷ್ಟು ವರ್ಷಗಳ ನಂತರ, 2019ರಲ್ಲಿ ಆ ತಾಯಿ ಹೇಳಿದ ಮಾತನ್ನೂ ನಾವು ನಡೆದುಕೊಂಡ ರೀತಿಯನ್ನೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಕರೆದಾಗ ಹಾಜರಾಗಿ ಹೇಳಿಕೆ ಕೊಡುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ನಾನು ಅಂದು ಕೆಲಸ ಮಾಡಿದ ಸಂಸ್ಥೆಯ ಹಿರಿಯರಿಗೂ ಕಳುಹಿಸಿದ್ದೇನೆ. ಅದನ್ನು ಓದಿ ಅವರು ನೊಂದುಕೊಳ್ಳುತ್ತಾರೆಂಬುದು ಗೊತ್ತಿದೆ, ಅವರ ಮೇಲಿನ ನನ್ನ ಗೌರವವೂ ಕಡಿಮೆಯಾಗಿಲ್ಲ. ಮುಂದಿನ ಸಿದ್ಧತಾ ಸಭೆಗೆ ನನ್ನನ್ನು ಕರೆದರೆ ಬರುತ್ತೇನೆ, ಕರೆಯದಿದ್ದರೂ ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ. ದೋಣಿ ಮತ್ತು ಅಕ್ಕಿಯ ಲೆಕ್ಕ ಮುಗಿದ ಮೇಲೆ, ಸ್ಟೋರ್ ರೂಮಿನ ಬೀಗದ ಕೈ ಈ ಸಲ ಯಾರ ಬಳಿ ಇರುತ್ತದೆ, ಆ ಬಾಗಿಲು ತೆರೆಯುವಾಗ ಜೊತೆಗೆ ಇನ್ನೊಬ್ಬರು ಯಾರಿರುತ್ತಾರೆ ಎಂದು ಎದ್ದು ನಿಂತು ಕೇಳುತ್ತೇನೆ.

ತಮ್ಮ ವಿಶ್ವಾಸಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ಸ್ವಯಂಸೇವಕಿ